ಮುಖಪರದೆಯ ಮೊದಲ ಸಾಲು ಯಾರದು?

ಒಟಿಟಿ ಕುರಿತ ಚರ್ಚೆಯಲ್ಲಿ ‘ನಮ್ಮ ಸಂಸ್ಕೃತಿ’ ಎಂಬ ಮಾತು ಬಂತೆಂದರೆ ಯಾವುದೋ ದೃಶ್ಯ ಯಾರನ್ನೋ ಕೆರಳಿಸಿದೆ ಎಂದೇ ಲೆಕ್ಕ. 2021ರ ಜನವರಿಯಲ್ಲಿ ಹಾಗೇ ಆಯಿತು. ಹಿಂದಿಯ ‘ತಾಂಡವ್’ ಸರಣಿಯ ಸುತ್ತ ಗದ್ದಲವೆದ್ದಿತು, ತಯಾರಕರು ಕ್ಷಮೆ ಕೇಳಿದರು, ಕೆಲವು ದೃಶ್ಯಗಳಿಗೆ ಕತ್ತರಿ ಬಿತ್ತು. ಮರುತಿಂಗಳು 25ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಹೊಸ ನಿಯಮಗಳನ್ನು ಹೊರಡಿಸಿತು. ಅದರ ತಯಾರಿ ಮೊದಲೇ ನಡೆದಿತ್ತು ಅನ್ನಿ. ಯಾವ ವಯಸ್ಸಿನವರು ಏನು ನೋಡಬಹುದು ಎಂಬ ವರ್ಗೀಕರಣ ಅದರಲ್ಲಿದೆ. ದೂರು ಕೊಡಲು ಮೂರು ಹಂತಗಳ ವ್ಯವಸ್ಥೆ ಇದೆ. ಇದು ಬಹುಜನಾಂಗಗಳ, ಬಹುಧರ್ಮಗಳ ದೇಶ, ಯಾವುದೇ ಗುಂಪಿನ ನಂಬಿಕೆ ಆಚರಣೆಗಳನ್ನು ತೋರಿಸುವಾಗ ಜಾಗ್ರತೆ ಇರಲಿ ಎಂಬ ಎಚ್ಚರಿಕೆಯೂ ಇದೆ.

ಇಲ್ಲದಿರುವುದು ಇನ್ನೊಂದು. ಈ ದೇಶದ ಭಾಷೆಗಳಲ್ಲಿ ಹೊಸ ಕಥೆಗಳು ತಯಾರಾಗಬೇಕಾದರೆ ಹಣ ಎಲ್ಲಿಂದ ಬರಬೇಕು, ತಯಾರಾದದ್ದು ನೋಡುಗರ ಕಣ್ಣಿಗೆ ಬೀಳುವುದು ಹೇಗೆ, ಇಲ್ಲಿ ಚಂದಾ ಎತ್ತುವ ಕಂಪನಿಗಳಿಗೆ ಅದರಲ್ಲಿ ಏನಾದರೂ ಹೊಣೆ ಇದೆಯೇ ಎಂಬುದರ ಬಗ್ಗೆ ಆ ನಿಯಮಗಳಲ್ಲಿ ಒಂದು ಮಾತೂ ಇಲ್ಲ. 2023ರ ನವೆಂಬರಿನಲ್ಲಿ ಬಂದ ಪ್ರಸಾರ ಸೇವೆಗಳ ಕರಡು ಮಸೂದೆಯೂ ಇದೇ ಹಾದಿ ಹಿಡಿಯಿತು. ಪ್ರತಿ ಸಂಸ್ಥೆಯೂ ತನ್ನ ಕಾರ್ಯಕ್ರಮಗಳನ್ನು ಮೊದಲೇ ನೋಡಿ ಪಾಸು ಮಾಡಲು ಗಣ್ಯರ ಸಮಿತಿ ಮಾಡಿಕೊಳ್ಳಬೇಕು ಎಂದಿತು. ಭಾರತದಲ್ಲಿ ಡಿಜಿಟಲ್ ಮಾಧ್ಯಮದ ಸಂಸ್ಕೃತಿ ಎಂದರೆ ಪೊಲೀಸ್ ಇಲಾಖೆಗೆ ಸೇರಿದ ವಿಷಯ. ಫ್ರಾನ್ಸಿನಲ್ಲಿ ಅದು ಹಣಕಾಸು ಇಲಾಖೆಯ ವಿಷಯ. ಎರಡರಲ್ಲಿ ಯಾವುದು ಸಂಸ್ಕೃತಿಗೆ ಒಳ್ಳೆಯದು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಎರಡನೆಯದು ಎನ್ನುತ್ತೇನೆ. ಅದರ ಒಳಗುಟ್ಟು ತಿಳಿದ ಮೇಲೂ ಹಾಗೇ ಎನ್ನುತ್ತೇನೆ.

ಪ್ಯಾರಿಸ್ಸಿನ ಯಾವುದೋ ಚಿತ್ರಮಂದಿರದಲ್ಲಿ ಒಬ್ಬ ಹುಡುಗ ಹಾಲಿವುಡ್ಡಿನ ಸೂಪರ್‌ಹೀರೊ ಚಿತ್ರಕ್ಕೆ ಟಿಕೆಟ್ ಕೊಂಡ ಎಂದಿಟ್ಟುಕೊಳ್ಳಿ. ಅವನು ಕೊಟ್ಟ ದುಡ್ಡಿನಲ್ಲಿ ಶೇ 10.72ರಷ್ಟು ತೆರಿಗೆಯಾಗಿ ಸಿಎನ್‌ಸಿ ಎಂಬ ರಾಷ್ಟ್ರೀಯ ಸಿನಿಮಾ ಕೇಂದ್ರಕ್ಕೆ ಹೋಗುತ್ತದೆ. ಈ ಕೇಂದ್ರ ಹುಟ್ಟಿದ್ದು 1946ರಲ್ಲಿ, ಯುದ್ಧ ಮುಗಿದು ಅಮೆರಿಕದ ಚಿತ್ರಗಳು ಯುರೋಪಿನೊಳಗೆ ನುಗ್ಗುತ್ತಿದ್ದ ಹೊತ್ತಿನಲ್ಲಿ. ಅಲ್ಲಿ ಸೇರಿದ ಹಣ ಹೊಸ ಫ್ರೆಂಚ್ ಚಿತ್ರಗಳಿಗೆ, ಚಿತ್ರಕಥೆ ಬರೆಯುವವರಿಗೆ, ಸಣ್ಣ ಊರಿನ ಚಿತ್ರಮಂದಿರಗಳ ದುರಸ್ತಿಗೆ ಹಂಚಿಕೆಯಾಗುತ್ತದೆ. ಹಾಲಿವುಡ್ ಚಿತ್ರ ಓಡಿದಷ್ಟೂ ಫ್ರೆಂಚ್ ಚಿತ್ರದ ಗಂಟು ದಪ್ಪವಾಗುತ್ತದೆ. ಹೊರಗಿನದನ್ನು ನಿಷೇಧಿಸುವ, ತಡೆಯುವ, ಪೋಸ್ಟರಿಗೆ ಮಸಿ ಬಳಿಯುವ ಕೆಲಸವೇ ಇಲ್ಲಿಲ್ಲ. ಬಂದವನು ಬರಲಿ, ಬಾಗಿಲಲ್ಲಿ ಸುಂಕ ಕೊಟ್ಟು ಒಳಗೆ ಬರಲಿ, ಅಷ್ಟೇ. ಟೀವಿ ಬಂದಾಗ ಟೀವಿಯ ಮೇಲೂ, ಕ್ಯಾಸೆಟ್ಟು ಬಂದಾಗ ಕ್ಯಾಸೆಟ್ಟಿನ ಮೇಲೂ ಇದೇ ತೆರಿಗೆ ವಿಸ್ತರಿಸಿತು. ಸ್ಟ್ರೀಮಿಂಗ್ ಬಂದಾಗ ಅದರ ಮೇಲೂ ಬಿತ್ತು. ಅದರ ದರ ಈಗ ಶೇ 5.15.

ತೆರಿಗೆ ಒಂದು ಕಡೆಯಾದರೆ ಹೂಡಿಕೆಯ ಕಟ್ಟಳೆ ಇನ್ನೊಂದು ಕಡೆ. 2021ರ ಜೂನ್ ತಿಂಗಳಲ್ಲಿ ಫ್ರಾನ್ಸ್ ಒಂದು ಆಜ್ಞೆ ಹೊರಡಿಸಿತು. ಅಲ್ಲಿ ವ್ಯವಹಾರ ನಡೆಸುವ ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಆ ದೇಶದಲ್ಲಿ ಗಳಿಸಿದ ವರಮಾನದಲ್ಲಿ ಕನಿಷ್ಠ ಶೇ 20ರಷ್ಟನ್ನು ಯುರೋಪಿನ ಮತ್ತು ಫ್ರೆಂಚ್ ಕೃತಿಗಳ ತಯಾರಿಕೆಗೆ ಹಾಕಬೇಕು. ಚಿತ್ರಮಂದಿರದಲ್ಲಿ ಬಿಡುಗಡೆಯಾಗಿ ಒಂದು ವರ್ಷ ತುಂಬುವ ಮೊದಲೇ ಸಿನಿಮಾ ಬೇಕೆನ್ನುವ ಕಂಪನಿಗೆ ಇದು ಶೇ 25. ಆ ಹಣದ ಬಹುಪಾಲು ಹೋಗಬೇಕಾದದ್ದು ಮೂಲದಲ್ಲೇ ಫ್ರೆಂಚ್ ನುಡಿಯಲ್ಲಿ ತಯಾರಾದ ಕೃತಿಗಳಿಗೆ. ಇಂಗ್ಲಿಷಿನಿಂದ ಡಬ್ ಮಾಡಿದರೆ ಲೆಕ್ಕಕ್ಕಿಲ್ಲ. ಜೊತೆಗೆ, ದೊಡ್ಡ ಪಾಲು ಸ್ವತಂತ್ರ ನಿರ್ಮಾಪಕರ ಕೈಗೆ ಹೋಗಬೇಕು. ಕಂಪನಿ ತನ್ನದೇ ಅಂಗಸಂಸ್ಥೆಗೆ ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್, ಡಿಸ್ನಿ, ಅಮೆಜಾನ್ ಮೂರೂ ಅಲ್ಲಿನ ನಿಯಂತ್ರಕರ ಜೊತೆ ಒಪ್ಪಂದಕ್ಕೆ ಬಂದವು. ಕೂಗಾಡಿದವು, ಕೋರ್ಟಿನ ಮಾತಾಡಿದವು, ಕಡೆಗೆ ಒಪ್ಪಿದವು. ಯಾಕೆಂದರೆ ಫ್ರಾನ್ಸಿನ ಕೈಯಲ್ಲಿ ಇನ್ನೊಂದು ದಾಳ ಇತ್ತು. ಚಿತ್ರಮಂದಿರದಲ್ಲಿ ತೆರೆಕಂಡ ಸಿನಿಮಾ ಸ್ಟ್ರೀಮಿಂಗಿಗೆ ಬರಲು ಅಲ್ಲಿ 36 ತಿಂಗಳು ಕಾಯಬೇಕಿತ್ತು. ಫ್ರೆಂಚ್ ಸಿನಿಮಾಕ್ಕೆ ಹಣ ಹಾಕಿದ ನೆಟ್‌ಫ್ಲಿಕ್ಸಿಗೆ 2022ರಲ್ಲಿ ಅದು 15 ತಿಂಗಳಿಗೆ ಇಳಿಯಿತು.

ಇದನ್ನೆಲ್ಲ ಓದಿ ಫ್ರಾನ್ಸಿಗೆ ಜೈ ಎನ್ನುವ ಮೊದಲು ಯುರೋಪಿನದೇ ಇನ್ನೊಂದು ನಿಯಮ ನೋಡೋಣ. 2018ರ ಯುರೋಪಿಯನ್ ಒಕ್ಕೂಟದ ಆದೇಶದ ಪ್ರಕಾರ ಸ್ಟ್ರೀಮಿಂಗ್ ವೇದಿಕೆಗಳ ಪಟ್ಟಿಯಲ್ಲಿ ಕನಿಷ್ಠ ಶೇ 30ರಷ್ಟು ಯುರೋಪಿನ ಕೃತಿಗಳಿರಬೇಕು, ಅವು ಎದ್ದು ಕಾಣುವಂತೆಯೂ ಇರಬೇಕು. ಕೇಳಲು ಸೊಗಸಾಗಿದೆ. ಎಣಿಸುವುದು ಹೇಗೆ? ಗಂಟೆಗಳ ಲೆಕ್ಕವಲ್ಲ, ಶೀರ್ಷಿಕೆಗಳ ಲೆಕ್ಕ. ಒಂದು ಸಿನಿಮಾ ಅಂದರೆ ಒಂದು. ಸರಣಿಯ ಒಂದು ಸೀಸನ್ ಅಂದರೂ ಒಂದೇ. ಕೋಟಿಗಟ್ಟಲೆ ಸುರಿದು ಮಾಡಿದ ಹತ್ತು ಗಂಟೆಯ ಸೀಸನ್ನಿಗೂ, ಮೂವತ್ತು ವರ್ಷ ಹಳೆಯ ಅಗ್ಗದ ಚಿತ್ರಕ್ಕೂ ಒಂದೇ ಅಂಕ. ಹಳೆಯ ಚಿತ್ರಗಳನ್ನು ಮೂಟೆಯಲ್ಲಿ ಕೊಂಡು ತಂದು ಗೋದಾಮಿನ ಮೂಲೆಗೆ ಹಾಕಿದರೂ ಶೇ 30 ತುಂಬಿಬಿಡುತ್ತದೆ. ಇನ್ನೂ ತಮಾಷೆಯ ಸಂಗತಿ ಇದೆ. ಬ್ರಿಟನ್ ಒಕ್ಕೂಟದಿಂದ ಹೊರನಡೆದರೂ ಬ್ರಿಟಿಷ್ ಕೃತಿಗಳು ಈ ಲೆಕ್ಕದಲ್ಲಿ ‘ಯುರೋಪಿನವು’ ಆಗಿಯೇ ಉಳಿದವು. ಗಡಿಯಾಚೆಯ ಟೀವಿ ಕುರಿತ ಬೇರೊಂದು ಹಳೆಯ ಒಡಂಬಡಿಕೆಗೆ ಬ್ರಿಟನ್ ಸೇರಿದ್ದೇ ಅದಕ್ಕೆ ಕಾರಣ. ಲಂಡನ್ನಿನಲ್ಲಿ ಇಂಗ್ಲಿಷಿನಲ್ಲೇ ತಯಾರಾದ ಅರಮನೆಯ ಕಥೆಯೊಂದು ಎಸ್ತೋನಿಯಾದ ಪರದೆಯಲ್ಲಿ ಯುರೋಪಿನ ಸಂಸ್ಕೃತಿಯನ್ನು ಕಾಪಾಡುತ್ತದೆ. ಎಸ್ತೋನಿಯನ್ ಭಾಷೆಗೆ ಅದರಿಂದ ಏನು ಸಿಕ್ಕಿತು ಎಂದು ಮಾತ್ರ ಕೇಳಬಾರದು.

ಕೆನಡಾದವರು ಈ ಎಣಿಕೆಯ ಚಟದಲ್ಲಿ ಹಳಬರು. ರೇಡಿಯೊಗಳು ಇಷ್ಟು ಭಾಗ ಕೆನಡಾದ ಸಂಗೀತವನ್ನೇ ಹಾಕಬೇಕು ಎಂಬ ನಿಯಮ ಅಲ್ಲಿ ಬಂದದ್ದು 1971ರಲ್ಲಿ. ಒಂದು ಹಾಡು ‘ಕೆನಡಾದ್ದು’ ಎಂದು ಸಾಬೀತಾಗಬೇಕಾದರೆ ನಾಲ್ಕರಲ್ಲಿ ಎರಡು ಅಂಕ ಬೇಕು: ಸಂಗೀತ, ಗಾಯನ, ಧ್ವನಿಮುದ್ರಣದ ಸ್ಥಳ, ಸಾಹಿತ್ಯ. 1991ರಲ್ಲಿ ಬ್ರಯಾನ್ ಆಡಮ್ಸ್‌ನ ಹೊಸ ಆಲ್ಬಮ್ ಬಂತು. ಕೆನಡಾದಲ್ಲಿ ಹುಟ್ಟಿದವನು, ಆ ದೇಶದ ಅತಿ ದೊಡ್ಡ ರಾಕ್ ತಾರೆ. ಆದರೆ ಅವನು ಹಾಡುಗಳನ್ನು ಕಟ್ಟಿದ್ದು ಕೆನಡಾದವನಲ್ಲದ ನಿರ್ಮಾಪಕನ ಜೊತೆ ಸೇರಿಕೊಂಡು. ಜಂಟಿಯಾಗಿ ಬರೆದರೆ ಆಗ ಅಂಕವಿಲ್ಲ. ಗಾಯನಕ್ಕೆ ಸಿಕ್ಕ ಒಂದಂಕ ಸಾಲಲಿಲ್ಲ. ಜಗತ್ತಿಗೆಲ್ಲ ಕೆನಡಾದ ಗಾಯಕ, ಕೆನಡಾದ ಕಾನೂನಿಗೆ ಮಾತ್ರ ಪರದೇಶಿ! ದೊಡ್ಡ ರಂಪವಾದ ಮೇಲೆ ನಿಯಮ ತಿದ್ದಿದರು. ಮಾರ್ಗರೆಟ್ ಅಟ್‌ವುಡ್ ಅವರ ಕಾದಂಬರಿ ಆಧರಿಸಿದ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಸರಣಿಯ ಪಾಡೂ ಇದೇ. ಲೇಖಕಿ ಕೆನಡಾದವರು, ಚಿತ್ರೀಕರಣ ಬಹುತೇಕ ಟೊರೊಂಟೊ ಸುತ್ತಮುತ್ತ, ಆದರೆ ನಿರ್ಮಾಣ ಅಮೆರಿಕದ್ದು. ಹಾಗಾಗಿ ಅದು ಕೆನಡಾದ ಕೃತಿಯಲ್ಲ.

ನಗು ಬರುವ ಈ ಕಥೆಗಳ ನಡುವೆಯೂ ಕೆನಡಾ ಹಿಡಿದ ದಾರಿ ಬಿಟ್ಟಿಲ್ಲ. 2023ರ ಏಪ್ರಿಲ್ 27ರಂದು ಅಲ್ಲಿ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆ ಜಾರಿಗೆ ಬಂತು. ಮರುವರ್ಷ ಜೂನಿನಲ್ಲಿ ಅಲ್ಲಿನ ಪ್ರಸಾರ ನಿಯಂತ್ರಕರು ವರ್ಷಕ್ಕೆ ಎರಡೂವರೆ ಕೋಟಿ ಡಾಲರಿಗಿಂತ ಹೆಚ್ಚು ದುಡಿಯುವ ಸ್ಟ್ರೀಮಿಂಗ್ ಕಂಪನಿಗಳು ವರಮಾನದ ಶೇ 5ರಷ್ಟನ್ನು ದೇಶದ ಕೃತಿಗಳಿಗೆ, ಸ್ಥಳೀಯ ಸುದ್ದಿಗೆ, ಆದಿವಾಸಿ ಜನರ ಕಾರ್ಯಕ್ರಮಗಳಿಗೆ ನೆರವಾಗುವ ನಿಧಿಗಳಿಗೆ ಕೊಡಬೇಕೆಂದರು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಆದರೆ ಅಲ್ಲಿನ ನಿಜವಾದ ಜಗಳ ನಡೆದದ್ದು ಕಂಪನಿಗಳ ಜೊತೆಯಲ್ಲ, ಯೂಟ್ಯೂಬಿನ ಸಾಮಾನ್ಯ ಕೆನಡಿಯನ್ನರ ಜೊತೆ. ತಮ್ಮ ವಿಡಿಯೊಗಳನ್ನು ಕೆನಡಾದವರಿಗೆ ಬಲವಂತವಾಗಿ ತೋರಿಸಿ, ಆಸಕ್ತಿಯಿಲ್ಲದವರು ಅದನ್ನು ದಾಟಿ ಹೋದರೆ, ಇದು ಯಾರಿಗೂ ಬೇಡವಾದದ್ದು ಎಂದು ಅಲ್ಗಾರಿದಮ್ ತೀರ್ಮಾನಿಸಿ ಹೊರದೇಶದ ನೋಡುಗರನ್ನೂ ತಪ್ಪಿಸಿಬಿಡುತ್ತದೆ ಎಂಬುದು ಅವರ ಭಯ. ಇದು ಸುಳ್ಳು ಭಯವಲ್ಲ. ಟೀವಿಯ ಕಾಲದ ಕೋಟಾವನ್ನು ಹಾಗೇ ಎತ್ತಿ ಅಲ್ಗಾರಿದಮ್ಮಿನ ಮೇಲೆ ಕೂರಿಸಲು ಹೋದರೆ ಕಾಪಾಡಬೇಕಾದವರ ಕಾಲೇ ಮುರಿಯಬಹುದು.

ಹಾಗಾಗಿ ನನಗೆ ಕೋಟಾದ ಮೇಲೆ ಅಷ್ಟು ಭಕ್ತಿ ಇಲ್ಲ. ಹಣ ಮತ್ತು ಜಾಗ, ಈ ಎರಡರ ಮೇಲೆ ಇದೆ. ಜಾಗ ಎಂದರೆ ಪರದೆಯ ಮೇಲಿನ ಜಾಗ. ಸಂತೆಯಲ್ಲಿ ದಾರಿಬದಿಯ ಅಂಗಡಿಗೂ ಹಿಂದಿನ ಸಾಲಿನ ಅಂಗಡಿಗೂ ಬಾಡಿಗೆ ಯಾಕೆ ಬೇರೆ ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸ್ಮಾರ್ಟ್ ಟೀವಿ ಹಚ್ಚಿದಾಗ ಮುಖಪರದೆಯಲ್ಲಿ ಮೊದಲು ಕಾಣುವ ಚೌಕಗಳು, ರಿಮೋಟಿನ ಮೇಲೆ ಅಚ್ಚಾದ ಕಂಪನಿಗಳ ಬಟನ್ನುಗಳು, ಇವೆಲ್ಲ ವ್ಯಾಪಾರದ ಒಪ್ಪಂದದಿಂದ ಬಂದ ಜಾಗಗಳು.

ಈ ವಿಷಯದಲ್ಲಿ ಭಾರತಕ್ಕೆ ಒಂದು ಮರೆತ ಪೂರ್ವಿಕ ಇದ್ದಾನೆ. 1995ರ ಕೇಬಲ್ ಟೀವಿ ಕಾಯ್ದೆಯ 8ನೇ ಸೆಕ್ಷನ್ ದೂರದರ್ಶನದ ಚಾನೆಲ್‌ಗಳ ಜೊತೆಗೆ ಆಯಾ ರಾಜ್ಯದ ಭಾಷೆಯ ದೂರದರ್ಶನ ಚಾನೆಲ್ಲನ್ನೂ ಕೇಬಲ್‌ನವನು ಕಡ್ಡಾಯವಾಗಿ ಕೊಡಬೇಕು, ಅದೂ ‘ಪ್ರೈಮ್ ಬ್ಯಾಂಡಿನಲ್ಲಿ’ ಎಂದಿತು. ಆಗಿನ ಹಳೆಯ ಟೀವಿ ಸೆಟ್ಟುಗಳಲ್ಲಿ ಮೊದಲ ಕೆಲವು ಚಾನೆಲ್‌ಗಳು ಮಾತ್ರ ಚೊಕ್ಕವಾಗಿ ಬರುತ್ತಿದ್ದವು, ಮುಂದಿನವುಗಳಲ್ಲಿ ಬರೀ ಹುಳುಗಳು ಹರಿದಾಡುತ್ತಿದ್ದವು. ಆ ಚೊಕ್ಕ ಜಾಗಕ್ಕಾಗಿ ಖಾಸಗಿ ಚಾನೆಲ್‌ಗಳು ಕೇಬಲ್‌ನವನಿಗೆ ಹಣ ಕೊಡುತ್ತಿದ್ದ ಕಾಲ ಅದು. ಅಂಥ ಹೊತ್ತಿನಲ್ಲೂ ಸಂಸತ್ತು ಚಂದನದಂಥ ಚಾನೆಲ್ಲಿಗೆ ಒಂದು ಕುರ್ಚಿ ಕಾದಿರಿಸಿತು. ಇವತ್ತಿನ ಪ್ರೈಮ್ ಬ್ಯಾಂಡ್ ಎಂದರೆ ಮುಖಪರದೆಯ ಮೊದಲ ಸಾಲು. ಅಲ್ಲಿ ಕುರ್ಚಿ ಕಾದಿರಿಸುವ ಮಾತನ್ನು ದೆಹಲಿಯಲ್ಲಿ ಯಾರೂ ಎತ್ತಿದಂತೆ ಕಾಣದು. 2024ರ ನವೆಂಬರಿನಲ್ಲಿ ಗೋವಾ ಚಿತ್ರೋತ್ಸವದಲ್ಲಿ ಪ್ರಸಾರ ಭಾರತಿ ‘ವೇವ್ಸ್’ ಎಂಬ ತನ್ನದೇ ಒಟಿಟಿ ತಂದಿತು. ನಿಮ್ಮ ಮನೆಯ ಟೀವಿಯಲ್ಲಿ ಅದನ್ನು ಹುಡುಕಿ ನೋಡಿ, ಎಷ್ಟು ಬಟನ್ ಒತ್ತಬೇಕಾಗುತ್ತದೆ ಎಂದು ಗೊತ್ತಾಗುತ್ತದೆ.

ಬ್ರಿಟನ್ ಇದನ್ನು ಕಾನೂನಿನಲ್ಲಿ ಬರೆದುಕೊಂಡಿದೆ. 2024ರ ಮೇ ತಿಂಗಳಲ್ಲಿ ಅಂಗೀಕಾರವಾದ ಮಾಧ್ಯಮ ಕಾಯ್ದೆಯ ಪ್ರಕಾರ ಅಲ್ಲಿನ ಸಾರ್ವಜನಿಕ ಪ್ರಸಾರಕರ ಆ್ಯಪ್‌ಗಳು ಸ್ಮಾರ್ಟ್ ಟೀವಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವಂತಿರಬೇಕು. ಆ ಪ್ರಸಾರಕರಲ್ಲಿ ಬಿಬಿಸಿಯ ಜೊತೆ ಎಸ್4ಸಿ ಕೂಡ ಇದೆ. ಇದು ವೇಲ್ಸಿನ ವೆಲ್ಶ್ ಭಾಷೆಯ ಚಾನೆಲ್. ಇದರ ಕಥೆ ಕನ್ನಡಿಗರು ಕೇಳಬೇಕಾದದ್ದು. ವೆಲ್ಶ್ ಭಾಷೆಗೆ ಪ್ರತ್ಯೇಕ ಚಾನೆಲ್ ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದ ಥ್ಯಾಚರ್ ಸರ್ಕಾರ ಗೆದ್ದ ಮೇಲೆ ಹಿಂದೆ ಸರಿಯಿತು. 1980ರಲ್ಲಿ ಗ್ವಿನ್‌ಫರ್ ಎವನ್ಸ್ ಎಂಬ ಹಿರಿಯ ರಾಜಕಾರಣಿ, ಚಾನೆಲ್ ಕೊಡದಿದ್ದರೆ ಅಕ್ಟೋಬರಿನಿಂದ ಆಮರಣ ಉಪವಾಸ ಕೂರುತ್ತೇನೆ ಎಂದು ಘೋಷಿಸಿದರು. ಜನ ಟೀವಿ ಲೈಸೆನ್ಸ್ ಶುಲ್ಕ ಕಟ್ಟುವುದಿಲ್ಲವೆಂದು ಕೂತರು. ಯಾರಿಗೂ ಬಗ್ಗದವರೆಂದು ಹೆಸರಾದ ಥ್ಯಾಚರ್ ಸೆಪ್ಟೆಂಬರಿನಲ್ಲೇ ಮಣಿದರು. ಚಾನೆಲ್ ಶುರುವಾದದ್ದು 1982ರ ನವೆಂಬರ್ 1ರಂದು. ನಮ್ಮಲ್ಲಿ ಗೋಕಾಕ್ ಚಳವಳಿ ಬೀದಿ ತುಂಬಿದ್ದ ವರ್ಷ, ನಮ್ಮ ರಾಜ್ಯೋತ್ಸವದ ದಿನ. ಬರೀ ಕಾಕತಾಳೀಯ, ಆದರೆ ಹೇಳದೆ ಬಿಡಲು ಮನಸ್ಸು ಬರಲಿಲ್ಲ.

2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಶ್ ಆಡಬಲ್ಲವರು ಸುಮಾರು 5.38 ಲಕ್ಷ. ನಮ್ಮ 2011ರ ಗಣತಿಯಲ್ಲಿ ತುಳುವನ್ನು ತಾಯ್ನುಡಿ ಎಂದವರೇ 18.46 ಲಕ್ಷ ಜನ. ಕನ್ನಡಿಗರು 4.37 ಕೋಟಿ. ಅಷ್ಟು ಸಣ್ಣ ಭಾಷೆ ನಲವತ್ತು ವರ್ಷಗಳಿಂದ ಸ್ವಂತ ಚಾನೆಲ್ ಇಟ್ಟುಕೊಂಡು, ಬರಹಗಾರರನ್ನೂ ತಂತ್ರಜ್ಞರನ್ನೂ ಸಾಕಿಕೊಂಡು ಬಂದಿದೆ. 2023ರಲ್ಲಿ ಅದರ ‘ಡಾಲ್ ಎ ಮೆಲ್ಟ್’ ಎಂಬ ಸರಣಿ ಪೂರ್ತಿ ವೆಲ್ಶ್ ಭಾಷೆಯಲ್ಲೇ ನೆಟ್‌ಫ್ಲಿಕ್ಸಿಗೆ ಹೋಯಿತು. ಅಂಥ ಕೃತಿಗಳಲ್ಲಿ ಅದೇ ಮೊದಲನೆಯದು. ಮಾರುಕಟ್ಟೆ ತಾನಾಗಿ ಬಂದು ವೆಲ್ಶ್ ಸರಣಿ ಮಾಡಿಸಲಿಲ್ಲ. ಸಾರ್ವಜನಿಕ ಹಣ ಮೊದಲು ಮಾಡಿಸಿತು, ಮಾರುಕಟ್ಟೆ ಆಮೇಲೆ ಕೊಂಡಿತು.

ಈಗ ನಮ್ಮ ಅಂಗಳಕ್ಕೆ ಬರೋಣ. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ಕರಾವಳಿಯ ಏಳು ಕಥೆಗಳ ‘ಏಕಂ’ ಎಂಬ ವೆಬ್ ಸರಣಿಯನ್ನು ತಯಾರಿಸಿತು. ಅದು 2021ರಲ್ಲೇ ಸಿದ್ಧವಾಗಿತ್ತು. ವೇದಿಕೆಗಳ ಬಾಗಿಲು ತಟ್ಟಿದರೂ ಅದಕ್ಕೆ ಜಾಗ ಸಿಗಲಿಲ್ಲ. ಕಡೆಗೆ 2024ರ ಜುಲೈ 13ರಂದು ತಂಡವೇ ಒಂದು ಜಾಲತಾಣ ಕಟ್ಟಿ, 149 ರೂಪಾಯಿಗೆ ಇಡೀ ಸರಣಿ ನೋಡಿ ಎಂದು ಜನರ ಮುಂದಿಟ್ಟಿತು. ಹೆಸರಾಂತ ನಟ ನಿರ್ಮಾಪಕನ ಕಥೆಯೇ ಇದಾದರೆ ಹೆಸರಿಲ್ಲದವನ ಗತಿ? ಜೈಶಂಕರ್ ಆರ್ಯರ್ ಅವರ ‘ಶಿವಮ್ಮ’ 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ನಮ್ಮ ಚಿತ್ರಮಂದಿರಕ್ಕೆ ಬರಲು 2024ರ ಜೂನ್ ಆಗಬೇಕಾಯಿತು. ಕನ್ನಡಕ್ಕೆ ಮಾರುಕಟ್ಟೆ ಇಲ್ಲ ಎಂದು ಯಾರೂ ಹೇಳುವಂತಿಲ್ಲ. ‘ಕೆಜಿಎಫ್’, ‘ಕಾಂತಾರ’ಗಳನ್ನು ಒಟಿಟಿಗಳು ಹಾರಿಬಂದು ಕೊಂಡವು. ಗೆದ್ದದ್ದನ್ನು ಕೊಳ್ಳುತ್ತಾರೆ, ಗೆಲ್ಲಬಹುದಾದದ್ದಕ್ಕೆ ಬಂಡವಾಳ ಹಾಕುವವರು ಕಡಿಮೆ. 2025ರಲ್ಲಿ ಜೀ5 ‘ಅಯ್ಯನ ಮನೆ’ಯಂಥ ಕನ್ನಡದ್ದೇ ಸರಣಿ ಮಾಡಿಸಿದ್ದು ಸಂತೋಷದ ಸುದ್ದಿ. ಆದರೆ ಒಂದು ಕಂಪನಿಯ ಮನಸ್ಸು ಬದಲಾದರೆ ನಿಂತುಹೋಗುವ ಕೆಲಸವನ್ನು ನೀತಿ ಎನ್ನಲಾಗದು.

ಒಟಿಟಿಯ ‘ಕನ್ನಡ’ ಎಂಬ ವಿಭಾಗ ತೆರೆದು ನೋಡಿ. ತುಂಬಿ ತುಳುಕುತ್ತಿರುತ್ತದೆ. ತೆಲುಗಿನ ಪೊಲೀಸರು, ತಮಿಳಿನ ಗೂಂಡಾಗಳು, ಕೊರಿಯಾದ ಪ್ರೇಮಿಗಳು, ಹಾಲಿವುಡ್ಡಿನ ಡೈನೋಸಾರ್‌ಗಳು ಎಲ್ಲರೂ ಕನ್ನಡ ಮಾತಾಡುತ್ತಿರುತ್ತಾರೆ. ನಾನು ಡಬ್ಬಿಂಗ್ ವಿರೋಧಿಯಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗಿಗೆ ಅಡ್ಡಿಯೊಡ್ಡಿದ ಸಂಸ್ಥೆಗಳಿಗೆ ದಂಡ ಹಾಕಿದ್ದು ಸರಿಯಾಗಿಯೇ ಇತ್ತು. ಇಂಗ್ಲಿಷ್ ಬಾರದ ಮಗುವಿಗೆ ಪ್ರಾಣಿಲೋಕದ ಸಾಕ್ಷ್ಯಚಿತ್ರ ಕನ್ನಡದಲ್ಲಿ ಸಿಗಬಾರದು ಎನ್ನಲು ನಾವ್ಯಾರು? ಆದರೆ ಡಬ್ ಆದದ್ದು ಅನುವಾದ, ಅದು ಕನ್ನಡದ ಬರಹಗಾರನಿಗೆ, ಕನ್ನಡದ ಊರಿಗೆ, ಕನ್ನಡದ ನಟಿಗೆ ಕೊಡುವುದು ಬಹಳ ಕಡಿಮೆ. ನಾಳೆ ಭಾರತದಲ್ಲಿ ಯಾರಾದರೂ ‘ಇಷ್ಟು ಭಾಗ ಪ್ರಾದೇಶಿಕ ಭಾಷೆಯ ಕೃತಿ ಇರಲಿ’ ಎಂದು ನಿಯಮ ಮಾಡಿದರೆ, ಮೂಲದಲ್ಲೇ ಆ ಭಾಷೆಯಲ್ಲಿ ತಯಾರಾದದ್ದು ಎಂಬ ಫ್ರಾನ್ಸಿನ ಷರತ್ತು ಇಲ್ಲದಿದ್ದರೆ, ಒಂದೇ ವಾರದಲ್ಲಿ ಡಬ್ಬಿಂಗ್ ಸ್ಟುಡಿಯೋಗಳಿಂದ ಕೋಟಾ ತುಂಬಿಹೋಗುತ್ತದೆ.

ರಾಜ್ಯ ಸರ್ಕಾರ ಏನು ಮಾಡಬಹುದು ಎಂಬ ಪ್ರಶ್ನೆ ಸಹಜ. ಸಂವಿಧಾನದ ಏಳನೇ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ 31ನೇ ನಮೂದು ಪ್ರಸಾರ ಮತ್ತು ಅಂಥ ಎಲ್ಲ ಸಂಪರ್ಕಗಳನ್ನು ದೆಹಲಿಗೆ ಬರೆದುಕೊಟ್ಟಿದೆ. 2020ರ ನವೆಂಬರಿನಲ್ಲಿ ಒಟಿಟಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಸುಪರ್ದಿಗೆ ತಂದಾಯಿತು. ಮನರಂಜನಾ ತೆರಿಗೆಯೂ 2017ರ ಜಿಎಸ್‌ಟಿಯೊಳಗೆ ಕರಗಿತು. ಪರಭಾಷಾ ಚಿತ್ರಕ್ಕೆ ತೆರಿಗೆ, ಕನ್ನಡಕ್ಕೆ ವಿನಾಯಿತಿ ಎಂಬ ಹಳೆಯ ಹತಾರ ಹಾಗೆ ಕೈಬಿಟ್ಟಿತು. ಇಷ್ಟರ ನಡುವೆಯೂ 2024ರ ಜುಲೈನಲ್ಲಿ ನಮ್ಮ ವಿಧಾನಮಂಡಲ ಸಿನಿಮಾ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆ ಒಂದು ಕಾನೂನು ಮಾಡಿತು. ಚಿತ್ರಮಂದಿರದ ಟಿಕೆಟ್ಟಿನ ಮೇಲೂ, ಚಂದಾ ಹಣದ ಮೇಲೂ ಶೇ 1ರಿಂದ 2ರವರೆಗೆ ಸೆಸ್ ಎತ್ತಲು ಅದರಲ್ಲಿ ಅವಕಾಶವಿದೆ. ಹಣ ಹೋಗುವುದು ಲೈಟ್‌ಬಾಯ್, ಮೇಕಪ್‌ನವರು, ಜೂನಿಯರ್ ಕಲಾವಿದರಂಥವರ ಸಾಮಾಜಿಕ ಭದ್ರತೆಗೆ. ಆಗಲೇಬೇಕಾದ ಕೆಲಸ, ಎರಡು ಮಾತಿಲ್ಲ. ಗಮನಿಸಬೇಕಾದದ್ದು ಏನೆಂದರೆ, ಸ್ಟ್ರೀಮಿಂಗಿನ ಚಂದಾದಿಂದ ಒಂದು ಪಾಲು ಈ ನೆಲದ ಕಲೆಗೆ ಬರಬೇಕು ಎಂಬ ತತ್ವವನ್ನು ಕರ್ನಾಟಕ ಆಗಲೇ ಒಪ್ಪಿಬಿಟ್ಟಿದೆ. ದುಡಿಯುವವರಿಗೆ ಪಿಂಚಣಿ ಬಂತು, ಸರಿ. ಅವರು ದುಡಿಯಲು ಕನ್ನಡದ ಸರಣಿಗಳೇ ಇರದಿದ್ದರೆ?

ಆದರೆ ಹಣ ಸರ್ಕಾರದ ಕೈಗೆ ಬಂದ ತಕ್ಷಣ ಗಾಂಧಿನಗರದ ಹಳೆಯ ರೋಗವೂ ಬರುತ್ತದೆ. ‘ಸಬ್ಸಿಡಿ ಸಿನಿಮಾ’ ಎಂದರೆ ಏನೆಂದು ಅಲ್ಲಿ ಕಾಫಿ ಕುಡಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ: ನೋಡುಗರಿಗಾಗಿ ಅಲ್ಲ, ಸಮಿತಿಗಾಗಿ ಮಾಡಿದ ಚಿತ್ರ. ಬಿಡುಗಡೆಯ ಶಾಸ್ತ್ರ ಮುಗಿಸಿ ಅರ್ಜಿ ಹಾಕಿದರೆ ಸಾಕು. ಇದಕ್ಕೆ ಮದ್ದು ಸಬ್ಸಿಡಿಯನ್ನೇ ನಿಲ್ಲಿಸುವುದಲ್ಲ. ಫ್ರಾನ್ಸಿನ ಹೂಡಿಕೆ ಕಟ್ಟಳೆಯ ಜಾಣತನ ಇಲ್ಲೇ ಇರುವುದು. ಹಣವನ್ನು ಸರ್ಕಾರ ಹಂಚುವುದಿಲ್ಲ. ಕಂಪನಿಯೇ ಸ್ವತಂತ್ರ ನಿರ್ಮಾಪಕನನ್ನು ಹುಡುಕಿ, ತನ್ನ ವೇದಿಕೆಯಲ್ಲಿ ಜನ ನೋಡುವಂಥದ್ದನ್ನೇ ಮಾಡಿಸಬೇಕು. ಯಾವ ಕಥೆ ಎಂಬುದು ಅವರಿಬ್ಬರ ಆಯ್ಕೆ, ಯಾವ ಭಾಷೆ ಎಂಬುದು ಕಾನೂನಿನ ಷರತ್ತು. ಡೆನ್ಮಾರ್ಕ್ ಇನ್ನೂ ಸರಳ ಮಾಡಿಕೊಂಡಿದೆ: ಸ್ಟ್ರೀಮಿಂಗ್ ವರಮಾನದ ಮೇಲೆ ಶೇ 2 ಸಂಸ್ಕೃತಿ ಸುಂಕ, ಡ್ಯಾನಿಶ್ ಕೃತಿಗಳಿಗೆ ಸಾಕಷ್ಟು ಹೂಡದ ಕಂಪನಿಗೆ ಅದರ ಮೇಲೆ ಇನ್ನೂ ಶೇ 3. ಮಾಡಿದರೆ ಕಡಿಮೆ, ಮಾಡದಿದ್ದರೆ ಹೆಚ್ಚು. ಸುಮಾರು 60 ಲಕ್ಷ ಜನರ ದೇಶವೊಂದು ಇದನ್ನು ಕೇಳಬಲ್ಲದಾದರೆ ನಮಗೇನು ಸಂಕೋಚ?

ಕೇರಳ 2024ರ ಮಾರ್ಚಿನಲ್ಲಿ ‘ಸಿಸ್ಪೇಸ್’ ಎಂಬ ಸರ್ಕಾರಿ ಒಟಿಟಿಯನ್ನೇ ತೆರೆಯಿತು. ನಮ್ಮಲ್ಲೂ ಅಂಥದ್ದೊಂದು ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದರಲ್ಲಿ ಉತ್ಸಾಹ ಕಡಿಮೆ. ಜನ ಇರುವ ಕಡೆ ಕನ್ನಡ ಹೋಗಬೇಕೇ ಹೊರತು, ಕನ್ನಡಕ್ಕೊಂದು ಬೇರೆ ಕೋಣೆ ಕಟ್ಟಿ ಜನ ಅಲ್ಲಿಗೆ ಬರಲಿ ಎಂದು ಕಾಯುವುದಲ್ಲ. ಮತ್ತೆ, ‘ಕನ್ನಡ’ ಎಂದು ಹೇಳಿ ಸುಮ್ಮನಾದರೆ ಕರ್ನಾಟಕಕ್ಕೇ ಅನ್ಯಾಯ. ತುಳು ಸಿನಿಮಾ, ಕೊಡವ ಹಾಡು, ಬ್ಯಾರಿ ನಾಟಕ, ಉತ್ತರ ಕನ್ನಡದ ಕೊಂಕಣಿ ಇವುಗಳಿಗೂ ಪಾಲು ಬರೆದಿಡಬೇಕು. ದೆಹಲಿ ನಮಗೆ ಮಾಡುತ್ತಿದೆ ಎಂದು ನಾವು ದೂರುವುದನ್ನೇ ಬೆಂಗಳೂರು ಮಡಿಕೇರಿಗೆ ಮಾಡಬಾರದಲ್ಲ.

ಇಂಥ ಸುಂಕ ಹಾಕಿದರೆ ಚಂದಾ ದರ ಏರುತ್ತದೆ ಎಂಬ ಆಕ್ಷೇಪ ನಿಜ, ಸ್ವಲ್ಪ ಏರಬಹುದು. ಕಂಪನಿಗಳು ಓಡಿಹೋಗುತ್ತವೆ ಎಂಬುದು ಮಾತ್ರ ಬೆದರುಬೊಂಬೆ. ಪ್ಯಾರಿಸ್ ಬಿಟ್ಟು ಯಾರೂ ಓಡಲಿಲ್ಲ, ಇಷ್ಟು ಜನರಿರುವ ಭಾರತ ಬಿಟ್ಟು ಓಡುವವರು ಯಾರು? ನನ್ನ ಆತಂಕ ಬೇರೆ. ಹೂಡಿಕೆಯ ನಿಯಮ ತರುವ ನೆಪದಲ್ಲಿ ಕತ್ತರಿಯನ್ನೂ ಜೊತೆಗೇ ತಂದಾರು, ‘ನಮ್ಮ ಸಂಸ್ಕೃತಿಗೆ ತಕ್ಕ’ ಕೃತಿಗೆ ಮಾತ್ರ ಹಣ ಎಂದಾರು. ಹಾಗಾದರೆ ಪುರಾಣದ ಅನಿಮೇಷನ್ನಿಗೆ ಸುಗ್ಗಿ, ‘ಏಕಂ’ಗೆ ಮತ್ತೆ ಬೀದಿ. ಭಾಷೆ, ಸ್ವತಂತ್ರ ನಿರ್ಮಾಣ, ಹೂಡಿದ ಮೊತ್ತ ಈ ಮೂರನ್ನು ಮಾತ್ರ ಅಳೆಯಬೇಕು, ಕಥೆಯ ತಂಟೆಗೆ ಹೋಗಕೂಡದು ಎಂದು ನಿಯಮದಲ್ಲೇ ಬರೆಯಬೇಕಾಗುತ್ತದೆ. ಕಂಪನಿಗಳು ಭಾಷಾವಾರು ಲೆಕ್ಕ ಬಹಿರಂಗಪಡಿಸುವುದೂ ಅಷ್ಟೇ ಮುಖ್ಯ. ಕರ್ನಾಟಕದಿಂದ ಎಷ್ಟು ಚಂದಾ ಬಂತು, ಕನ್ನಡದ ಮೂಲ ಕೃತಿಗೆ ಎಷ್ಟು ಹೋಯಿತು ಎಂಬ ಎರಡು ಅಂಕಿ ಪಕ್ಕಪಕ್ಕ ಕಾಣದಿದ್ದರೆ ವಾದ ಬರೀ ಭಾವನೆಯಲ್ಲಿ ಮುಗಿಯುತ್ತದೆ.

ಇದೆಲ್ಲ ನಿಧಾನಕ್ಕೆ ನೋಡೋಣ ಎನ್ನಲು ಒಂದು ತೊಡಕಿದೆ. 2005ರ ಅಕ್ಟೋಬರಿನಲ್ಲಿ ಸಾಂಸ್ಕೃತಿಕ ವೈವಿಧ್ಯ ಕುರಿತ ಯುನೆಸ್ಕೊ ಒಡಂಬಡಿಕೆ 148 ದೇಶಗಳ ಮತದಿಂದ ಅಂಗೀಕಾರವಾಯಿತು. ವಿರೋಧಿಸಿದ್ದು ಅಮೆರಿಕ ಮತ್ತು ಇಸ್ರೇಲ್ ಎರಡೇ. ಸಾಂಸ್ಕೃತಿಕ ಸರಕು ಬರೀ ಸರಕಲ್ಲ, ಅದನ್ನು ಬೆಳೆಸಲು ನೀತಿ ಮಾಡುವ ಹಕ್ಕು ದೇಶಗಳಿಗಿದೆ ಎನ್ನುವ ಆ ಒಡಂಬಡಿಕೆಗೆ ಭಾರತ 2006ರ ಡಿಸೆಂಬರಿನಲ್ಲಿ ಸೇರಿತು. ಆದರೆ ವ್ಯಾಪಾರ ಒಪ್ಪಂದದ ಒಂದು ಷರತ್ತು ಈ ಹಕ್ಕನ್ನು ಸದ್ದಿಲ್ಲದೆ ಕಸಿಯಬಲ್ಲದು. ದಕ್ಷಿಣ ಕೊರಿಯಾದ ಚಿತ್ರಮಂದಿರಗಳು ವರ್ಷಕ್ಕೆ 146 ದಿನ ಕೊರಿಯನ್ ಚಿತ್ರ ಹಾಕಬೇಕಿತ್ತು. ಅಮೆರಿಕದ ಜೊತೆ ಒಪ್ಪಂದದ ಮಾತುಕತೆಗೆ ಕೂರುವ ಮೊದಲೇ, 2006ರಲ್ಲಿ, ಅದನ್ನು 73ಕ್ಕೆ ಇಳಿಸಬೇಕಾಯಿತು. ನಟರೂ ನಿರ್ದೇಶಕರೂ ಬೀದಿಗಿಳಿದರೂ ಅದು ಮರಳಿ ಬರಲಿಲ್ಲ. ಕೆನಡಾ ಹಟ ಹಿಡಿದು ತನ್ನ ಒಪ್ಪಂದದಲ್ಲಿ ಸಾಂಸ್ಕೃತಿಕ ಉದ್ಯಮಗಳಿಗೆ ವಿನಾಯಿತಿಯ ಕಲಮು ಬರೆಸಿಕೊಂಡಿತು. ಅದನ್ನು ಬಳಸಿದರೆ ಅಷ್ಟೇ ಮೌಲ್ಯದ ಪ್ರತೀಕಾರ ಮಾಡುವ ಹಕ್ಕನ್ನು ಅಮೆರಿಕ ಪಕ್ಕದಲ್ಲೇ ಬರೆಸಿಕೊಂಡಿತು, ಆ ಮಾತು ಬೇರೆ.

ಭಾರತ ಈಗ ಒಂದರ ಹಿಂದೆ ಒಂದು ಇಂಥ ಒಪ್ಪಂದಗಳ ಮಾತುಕತೆಯಲ್ಲಿದೆ. ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿಯಾದ ಒಪ್ಪಂದದಲ್ಲಿ ಡಿಜಿಟಲ್ ವ್ಯಾಪಾರಕ್ಕೇ ಒಂದು ಅಧ್ಯಾಯವಿದೆ. ಉಕ್ಕು, ಹಾಲು, ವಿಸ್ಕಿಯ ಸುಂಕದ ಬಗ್ಗೆ ಪತ್ರಿಕೆಗಳು ಪುಟ ತುಂಬಿಸುತ್ತವೆ. ಹೈನುಗಾರರ ಸಂಘಗಳು ಮನವಿ ಕೊಡುತ್ತವೆ, ರಾಜ್ಯಗಳು ಪತ್ರ ಬರೆಯುತ್ತವೆ, ಸಂಧಾನಕಾರರು ಕಿವಿಗೊಡುತ್ತಾರೆ. ಕನ್ನಡ ಚಿತ್ರೋದ್ಯಮದಿಂದ, ಕನ್ನಡ ಅಭಿವೃದ್ಧಿ ಪ್ರಾಧಿಕಾರದಿಂದ, ವಿಧಾನಸೌಧದಿಂದ ದೆಹಲಿಯ ವಾಣಿಜ್ಯ ಸಚಿವಾಲಯಕ್ಕೆ ಹೋಗಬೇಕಾದ ಪತ್ರ ತೀರಾ ಉದ್ದವಿರಬೇಕಿಲ್ಲ: ಸ್ಟ್ರೀಮಿಂಗ್ ಕಂಪನಿಗಳಿಂದ ಭಾರತೀಯ ಭಾಷೆಗಳಿಗೆ ಹೂಡಿಕೆ ಕೇಳುವ ಹಕ್ಕನ್ನು ಯಾವ ಒಪ್ಪಂದದಲ್ಲೂ ಬಿಟ್ಟುಕೊಡಬೇಡಿ, ವಿನಾಯಿತಿಯ ಕಲಮನ್ನು ಮೊದಲ ಕರಡಿನಲ್ಲೇ ಸೇರಿಸಿ.